ಕೇಳದೆ ಒತ್ತಿದ ಗುಂಡಿ

ನಮ್ಮ ಅತ್ತೆ ಗುರುಸಿದ್ದಮ್ಮ ಸೌಟಿನ ಹಿಡಿಯಿಂದ ಕಂಪ್ಯೂಟರಿನ ಗುಂಡಿ ಒತ್ತಿದ ಮಾರನೆಯ ಬೆಳಿಗ್ಗೆ ನಮ್ಮ ಮುಂಬಾಗಿಲ ಎದುರಿಗೆ ಎಮ್ಮೆಕರುವಿನಷ್ಟು ದೊಡ್ಡ ಕಲ್ಲೊಂದು ಬಂದು ಕೂತಿತ್ತು. ಕಲ್ಲು ಬಂದದ್ದಕ್ಕೆ ನಾವು ಯಾರೂ ಬೆರಗಾಗಲಿಲ್ಲ. ಒಪ್ಪಿದೆ ಅಂದಮೇಲೆ ಕಲ್ಲು ಬರುವುದು ನಮ್ಮ ಊರಿನಲ್ಲಿ ಹಾಲು ಕಾಯಿಸಿದರೆ ಕೆನೆ ಬರುವಷ್ಟೇ ಸಹಜ. ಪಕ್ಕದ ಮನೆಯ ಜರಡಿ ತಂದು, ನಾಳೆ ಕೊಡುತ್ತೇನೆ ಎಂದು ಒಪ್ಪಿದರೆ ಬೆಳಗಾಗುವಷ್ಟರಲ್ಲಿ ಹೊಸ್ತಿಲ ಹತ್ತಿರ ಕಡಲೆಕಾಳಿನಷ್ಟು ಕಲ್ಲು. ಜರಡಿ ವಾಪಸು ಕೊಟ್ಟರೆ ಅದು ಮರಳಾಗಿ ಉದುರುತ್ತದೆ, ಗುಡಿಸಿ ಹಾಕಿದರಾಯಿತು. ಬಾಡಿಗೆ ಮನೆಗೆ ಒಪ್ಪಿದವರಿಗೆ ಕುಂಬಳಕಾಯಿ ಗಾತ್ರದ್ದು, ಮದುವೆಗೆ ಒಪ್ಪಿದವರಿಗೆ ಮೇಲೆ ಕೂರಬಹುದಾದಂಥದ್ದು. ನನಗೂ ನನ್ನ ಗಂಡ ರುದ್ರೇಶನಿಗೂ ಸೇರಿ ಬಂದ ಮದುವೆಯ ಕಲ್ಲು ಚಪ್ಪಟೆಯಾಗಿ, ಬಾಗಿಲ ಎಡಗಡೆ ಬಿಸಿಲು ಬೀಳುವ ಕಡೆ ಇದೆ. ಅದರ ಮೇಲೆ ನಾನು ಹಪ್ಪಳ ಒಣಗಿಸುತ್ತೇನೆ. ಒಪ್ಪಿದ್ದು ತೀರುವ ತನಕ ಯಾವ ಕಲ್ಲನ್ನೂ ಜರುಗಿಸಲು ಬರುವುದಿಲ್ಲ, ಒಡೆಯಲೂ ಬರುವುದಿಲ್ಲ.

ಹೀಗಿರುವುದರಿಂದ ನಮ್ಮವರು ಬಾಯಿಗಿಂತ ಮೊದಲು ಕಿವಿ ತೆರೆಯುತ್ತಾರೆ. ದೊಡ್ಡ ಒಪ್ಪಂದವಾದರೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಬೇಕು. ಕೇಳುವುದೆಂದರೆ ತಲೆಯಾಡಿಸಿಕೊಂಡು ಕೂರುವುದಲ್ಲ. ಓದಿದ ಸಾಲನ್ನು ಕೇಳುವವರು ತಮ್ಮ ಮಾತಿನಲ್ಲಿ ತಿರುಗಿಸಿ ಹೇಳಬೇಕು. ಹೇಳಲು ಬರುವ ತನಕ ಓದುವವರು ಮುಂದಿನ ಸಾಲಿಗೆ ಹೋಗುವ ಹಾಗಿಲ್ಲ. ಓದು ಮುಗಿದ ಮೇಲೆ ಒಪ್ಪಿದೆ ಅಥವಾ ಒಲ್ಲೆ, ಎರಡರಲ್ಲಿ ಒಂದು. ‘ನೋಡೋಣ’ ಅನ್ನುವವರನ್ನು ಕಂಡರೆ ನಮ್ಮ ಊರಿನವರಿಗೆ ಮೈಯೆಲ್ಲ ಉರಿಯುತ್ತದೆ. ಅದು ತಪ್ಪಿಸಿಕೊಳ್ಳುವವರ ಮಾತು. ಅಂಥವರ ಮನೆಗೆ ಆಮೇಲೆ ಯಾರೂ ಓದಲು ಹೋಗುವುದಿಲ್ಲ.

ಇಡೀ ಊರಿಗೆ ಒಳ್ಳೆಯ ಕೇಳುಗಿತ್ತಿ ಎಂದರೆ ನಮ್ಮ ಅತ್ತೆಯೇ. ಇದನ್ನು ಸೊಸೆಯಾದ ನಾನು ಹೇಳುತ್ತಿದ್ದೇನೆ, ನಂಬಿ. ಕೇರಿಯವರ ಬಾಡಿಗೆ, ಭಾಗ, ಮದುವೆ, ರಾಜಿ ಎಲ್ಲದಕ್ಕೂ ಅವರನ್ನು ಕರೆದುಕೊಂಡು ಹೋಗಿ ಕೂರಿಸುತ್ತಿದ್ದರು. ಅವರು ‘ಅಂದ್ರೆ?’ ಎಂದು ಕೇಳಿದರೆ ಓದುತ್ತಿದ್ದವನ ಗಂಟಲು ಒಣಗುತ್ತಿತ್ತು. ಒಂದು ಬಾವಿಯ ಒಪ್ಪಂದದಲ್ಲಿ ‘ಸರಿಸಮನಾಗಿ’ ಎಂಬ ಒಂದೇ ಮಾತಿಗೆ ಅವರು ಅಂದ್ರೆ ಅಂದ್ರೆ ಎನ್ನುತ್ತ ಇಬ್ಬರು ಅಣ್ಣತಮ್ಮಂದಿರನ್ನು ಬೆವರಿಳಿಸಿ, ಕೊನೆಗೆ ಇಬ್ಬರೂ ಅತ್ತು ತಬ್ಬಿಕೊಂಡು ಎದ್ದು ಹೋದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಂಥ ಹೆಂಗಸು ಒಂದೇ ಒಂದು ಸಲ ಕೇಳದೆ ಒಪ್ಪಿಬಿಟ್ಟರು. ನನ್ನ ನಾದಿನಿ ವಾರಿಜ ಮನೆಯಲ್ಲೇ ಕೂತು ಊರಿನವರಿಗೆ ಒಪ್ಪಂದಗಳನ್ನು ಟೈಪು ಮಾಡಿ ಕೊಡುತ್ತಾಳೆ. ಅವಳಿಗೆಂದು ಸೇತುವೆಯಾಚೆಯ ಊರಿನಿಂದ ಕಂಪ್ಯೂಟರ್ ತರಿಸಿದೆವು. ಆನ್ ಮಾಡಿದರೆ ಪರದೆಯ ತುಂಬ ಇರುವೆ ಸಾಲಿನಂತೆ ಅಕ್ಷರ, ಒಂದೂ ನಮ್ಮದಲ್ಲ. ಮೇಷ್ಟರನ್ನು ಕರೆಸಿದೆವು, ಅವರು ಕನ್ನಡಕ ಹಾಕಿ ನೋಡಿ, ತೆಗೆದು ನೋಡಿ, ಕಾಫಿ ಕುಡಿದು ಹೋದರು. ಕೆಳಗೆ ಒಂದು ನೀಲಿ ಚೌಕ ಮಾತ್ರ ಒತ್ತು ಒತ್ತು ಎನ್ನುವಂತೆ ಮಿನುಗುತ್ತಿತ್ತು. ಅತ್ತೆ ಬೆಳಗಿನಿಂದ ಚಾಪೆಯ ಮೇಲೆ ಕೇಳಲು ಕೂತವರು, ಓದುವವರೇ ಇಲ್ಲ. ಅಷ್ಟರಲ್ಲಿ ಒಲೆಯ ಮೇಲಿಟ್ಟಿದ್ದ ಚಕ್ಕುಲಿಯ ಎಣ್ಣೆ ಹೊಗೆಯಾಡಿತು. ಎದ್ದು ಒಲೆಯ ಹತ್ತಿರ ಹೋಗಿ, ಸೌಟು ಹಿಡಿದೇ ಓಡಿ ಬಂದವರು, “ಸುಡ್ಲಿ ಅತ್ಲಾಗೆ, ಈ ಪೆಟ್ಟಿಗೆ ಏನ್ ಮಾಡೀತು” ಎಂದು ಸೌಟಿನ ಹಿಡಿಯಿಂದ ಎಂಟರ್ ಗುಂಡಿಯನ್ನು ಕುಟ್ಟಿಯೇಬಿಟ್ಟರು. ಚಕ್ಕುಲಿಯೂ ಸುಟ್ಟಿತು, ಕಲ್ಲೂ ಬಂತು.

ಬಂದ ಕಲ್ಲು ಬಂದಷ್ಟೇ ಇದ್ದಿದ್ದರೆ ನಾವು ಹೇಗೋ ಹೊಂದಿಕೊಳ್ಳುತ್ತಿದ್ದೆವು. ಅದು ಬೆಳೆಯತೊಡಗಿತು. ಊರಿನಲ್ಲಿ ಯಾರ ಮನೆಯ ಕಲ್ಲೂ ಬೆಳೆದದ್ದಿಲ್ಲ. ಆಗಾಗ ಕಂಪ್ಯೂಟರ್ ತನ್ನಷ್ಟಕ್ಕೆ ತಾನು ಏನೋ ಗೊಣಗಿ, ಒಂದು ಚಕ್ರ ತಿರುಗಿಸಿ, ಆರಿ ಹೊತ್ತಿಕೊಳ್ಳುತ್ತಿತ್ತು. ಮಾರನೆಯ ದಿನ ನೋಡಿದರೆ ಕಲ್ಲು ಬೆರಳಗಲ ಹೆಚ್ಚು ದಪ್ಪವಾಗಿರುತ್ತಿತ್ತು. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ ಯಾರಿಗೂ ತಿಳಿಯಲಿಲ್ಲ. ಮನೆಗೆ ದೃಷ್ಟಿಯಾಗಿದೆ ಎಂದರು ಕೆಲವರು. ರುದ್ರೇಶ ಕಲ್ಲಿಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಹಾಕಿದ. ಅದು ಇನ್ನೂ ಬೆರಳಗಲ ಬೆಳೆಯಿತು.

ಬಾಗಿಲು ಕಲ್ಲಿಗೆ ತಾಗುವಂತಾದಾಗ ಬಡಗಿ ಪಂಚಾಕ್ಷರಿಯನ್ನು ಕರೆಸಿದೆವು. ಕಲ್ಲುಗಳಿಗೆ ತಕ್ಕ ಹಾಗೆ ಬಾಗಿಲು ಕೆತ್ತುವುದೇ ಅವನ ಕಸುಬು. ನಮ್ಮ ಊರಿನ ಬಾಗಿಲುಗಳಲ್ಲಿ ಅರ್ಧ ಸೊಟ್ಟಗೆ, ಕಾಲು ಭಾಗ ದುಂಡಗೆ ಇರುವುದು ಅವನ ಕೈಚಳಕದಿಂದ. ಮೊದಲು ಒಂದು ಕದ ತೆಗೆದ. ಕಲ್ಲು ಬೆಳೆದಾಗ ಇನ್ನೊಂದನ್ನು ಒಳಗೆ ತೆರೆಯುವಂತೆ ತಿರುಗಿಸಿ ಕೂರಿಸಿದ. ಮತ್ತೆ ಬೆಳೆದಾಗ ಅಂಚು ಹೆರೆದ. ಬಾಗಿಲು ಕೆತ್ತಲು ಬಂದವನು ಟೀ ಕುಡಿದ, ಟೀ ಕುಡಿಯುತ್ತ ವಾರಿಜ ಟೈಪು ಮಾಡುವುದನ್ನು ನೋಡಿದ, ಆಮೇಲೆ ಕಲ್ಲು ಬೆಳೆಯದಿದ್ದರೂ ಅಳತೆ ನೋಡುವ ನೆಪದಲ್ಲಿ ಬರತೊಡಗಿದ. ಮೂವತ್ತು ದಾಟಿ ಮದುವೆಯ ಮಾತೇ ಬೇಡ ಎಂದು ಕೂತಿದ್ದ ವಾರಿಜ, ಅವನು ಬರುವ ದಿನ ಜಡೆಯನ್ನು ಎರಡೆರಡು ಸಲ ಹೆಣೆಯುವುದನ್ನು ನಾನು ನೋಡಿಯೂ ನೋಡದವಳಂತಿದ್ದೆ.

ಅಂತೂ ಅವರಿಬ್ಬರ ಮದುವೆ ನಿಶ್ಚಯವಾಯಿತು. ಮದುವೆಯ ಓದು ಮನೆಯಲ್ಲಿ ನಡೆಯುವ ಹಾಗಿಲ್ಲ, ಹುಣಸೆಮರದ ಕೆಳಗಿನ ಕಟ್ಟೆಯ ಮೇಲೆ ಹುಣ್ಣಿಮೆಯ ದಿನವೇ ಆಗಬೇಕು. ಆ ಹೊತ್ತಿಗೆ ನಮ್ಮ ಬಾಗಿಲಲ್ಲಿ ಉಳಿದಿದ್ದ ಸಂದಿನಲ್ಲಿ ಬೆಕ್ಕು ಸಲೀಸಾಗಿ, ನಾನು ಉಸಿರು ಬಿಗಿಹಿಡಿದು ಅಡ್ಡಡ್ಡ ತೂರುತ್ತಿದ್ದೆವು. ಅತ್ತೆ ತೂರುವಂತಿರಲಿಲ್ಲ. ಅವರದು ತುಂಬಿದ ಮೈ, ಮಂಡಿ ಬೇರೆ ಬಗ್ಗದು. ಹಿತ್ತಿಲ ಬಾಗಿಲು ಬಚ್ಚಲಿಗಿಂತ ಇಕ್ಕಟ್ಟು, ಅದರಾಚೆ ಕಡಿದಾದ ಮೆಟ್ಟಿಲು. ಅದನ್ನು ಅಗಲ ಮಾಡಿಸೋಣವೆಂದರೆ, ಹಿಂದೆ ಒಂದು ಮನೆಯಲ್ಲಿ ಹಾಗೆ ಮಾಡಿದಾಗ ಕಲ್ಲು ಅದನ್ನೇ ಮುಂಬಾಗಿಲು ಅಂದುಕೊಂಡು ಅಲ್ಲಿಗೆ ಬಂದು ಕೂತಿತ್ತು. ಊರಿನವರ ಮಾತನ್ನೆಲ್ಲ ಕೇಳಿಸಿಕೊಂಡ ಅತ್ತೆ ಬೇಸಿಗೆಯಿಂದ ಬೀದಿಯನ್ನೇ ನೋಡಿರಲಿಲ್ಲ.

ಅವರ ಜಾಗದಲ್ಲಿ ಎದುರುಮನೆಯ ಚಿಕ್ಕತಾಯಮ್ಮ ಕೇಳುಗಿತ್ತಿಯಾಗಿದ್ದರು. ಒಳ್ಳೆಯ ಹೆಂಗಸೇ, ಆದರೆ ಕೂತಲ್ಲಿ ತೂಕಡಿಸುತ್ತಾರೆ. ಅವರು ತೂಕಡಿಸಿದಾಗ ಜಾರಿಹೋದ ಒಂದು ಸಾಲಿನಿಂದ ಮೇಲಿನ ಬೀದಿಯವರ ಮನೆಯ ಕಲ್ಲು ಹೆಂಚಿನ ಮೇಲೆ ಬಂದು ಕೂತು, ಅವರೀಗ ಅದಕ್ಕೆ ಕಂಬ ಕೊಟ್ಟುಕೊಂಡು ಬದುಕುತ್ತಿದ್ದಾರೆ.

“ಊರಿನೋರದ್ದೆಲ್ಲ ಕೇಳ್ದೆ ಸುವರ್ಣ,” ಎಂದರು ಅತ್ತೆ ಒಂದು ಮಧ್ಯಾಹ್ನ, ಮುಂದಿಟ್ಟ ಅನ್ನ ಮುಟ್ಟದೆ. “ನನ್ನ ಮಗಳದ್ದು ಮಾತ್ರ ಆ ತೂಕಡಿಸೋಳು ಕೇಳ್ಬೇಕಾ? ನಾನು ಇಲ್ಲಿ ಗೋಡೆ ನೋಡ್ಕೊಂಡು ಕೂತಿರ್ಬೇಕಾ?” ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಅತ್ತೆ ಸೊಸೆ ಎಂದಮೇಲೆ ನಮ್ಮ ಕಿತಾಪತಿ ಇದ್ದದ್ದೇ; ಆದರೆ ಈ ಹೆಂಗಸು ಗೋಡೆ ನೋಡುತ್ತ ಕೂರುವುದು ನನ್ನ ಕೈಲಿ ನೋಡಲಾಗಲಿಲ್ಲ.

ನಾನೇ ಸೇತುವೆ ದಾಟಿ ಹೋಗಿ ಕಂಪ್ಯೂಟರ್ ಕೊಟ್ಟಿದ್ದ ಅಂಗಡಿಯ ಇನಾಯತನನ್ನು ಕರೆತಂದೆ. ಅವನು ಅಡ್ಡಡ್ಡ ತೂರಿ ಒಳಗೆ ಬಂದು, ಪರದೆ ನೋಡಿ, “ಓ, ಇದು ಮನೆ ಎಡಿಷನ್ನು ಅಕ್ಕ. ನೀವು ಕನ್ನಡ ಟೈಪು ಮಾಡ್ಬೋದು, ಆದ್ರೆ ಇದು ಮಾತಾಡೋದು ಒಂದೇ ಭಾಷೆ. ತಲೆಕೆಳಗಾಗಿ ನಿಂತ್ರೂ ಕನ್ನಡ ಬರಲ್ಲ” ಎಂದ. “ದೊಡ್ಡ ಎಡಿಷನ್ನಿಗೆ ಬದಲಾಯಿಸಿದ್ರೆ ಬರ್ತದೆ. ಮಷೀನು ಇದೇ, ಫೈಲೂ ಇದೇ. ಎಡಿಷನ್ ಮಾತ್ರ ಬೇರೆ.”

“ಹಳೇ ಒಪ್ಪಿಗೆ?” ಎಂದೆ.

“ಅದು ಹೋಯ್ತಲ್ಲ. ಹೊಸದಾಗಿ ಒಪ್ಕೋಬೇಕು.”

ರುದ್ರೇಶನ ಮುಖ ಅರಳಿತು. “ಹಂಗಾದ್ರೆ ಹಳೇ ಕಲ್ಲು ಹೋಗುತ್ತೆ ಅನ್ನು.”

“ಕಲ್ಲಿನ ಸಮಾಚಾರ ನಂಗೊತ್ತಿಲ್ಲ ಅಣ್ಣ. ಹಳೇ ಎಡಿಷನ್ ಹೋಗುತ್ತೆ. ಅಂದ್ರೆ ಪೂರಾ ಹೋಗಲ್ಲ, ಅದರ ಮೇಲೇ ಹೊಸದು ಕೂರುತ್ತೆ. ಆದ್ರೆ ಹೋದ ಹಾಗೇನೇ.”

“ಮೇಲೇ ಕೂರುತ್ತಾ?” ರುದ್ರೇಶ ಹೊರಗಿನ ಕಲ್ಲನ್ನೂ ಮೇಲಿನ ಸೂರನ್ನೂ ಒಂದಾದ ಮೇಲೊಂದು ನೋಡಿದ. ದೊಡ್ಡ ಎಡಿಷನ್ನಿಗೆ ದೊಡ್ಡ ಕಲ್ಲು ಎಂದಿಟ್ಟುಕೊಂಡರೆ, ಅದು ಇದರ ಮೇಲೆ ಬಂದು ಕೂತರೆ, ಬೆಕ್ಕಿಗೂ ದಾರಿಯಿಲ್ಲ. ಹಳೆಯದು ಉದುರಿ ಹೊಸದು ಬಂದರೆ ಒಂದು ಲೆಕ್ಕ. ಹಳೆಯದು ಉದುರಿ ಹೊಸದು ಬರದಿದ್ದರೆ ಇನ್ನೊಂದು. ನಾವು ಎಷ್ಟು ಮಾತಾಡಿದೆವೋ ಅಷ್ಟು ಗೊಂದಲವಾಯಿತು. ಇನಾಯತ್ ಪಾಪ ನಮ್ಮ ಮುಖಗಳನ್ನು ಪಿಳಿಪಿಳಿ ನೋಡಿ, “ನಮ್ಮ ಕಡೆ ಯಾರೂ ಇಷ್ಟು ಯೋಚನೆ ಮಾಡಲ್ಲ. ಬರ್ತದೆ, ಒತ್ತೋದು, ಅಷ್ಟೇ” ಎಂದ.

“ಓದದೇನೇ?” ಎಂದರು ಅತ್ತೆ.

“ಅದನ್ನ ಯಾರು ಓದ್ತಾರಮ್ಮ!”

ಒಂದು ಊರಿಗೆ ಊರೇ ಕೇಳದೆ ಒಪ್ಪಿಕೊಂಡು ಓಡಾಡುತ್ತಿದೆ, ಬಾಗಿಲ ಮುಂದೆ ಮಾತ್ರ ಏನೂ ಇಲ್ಲ ಎಂಬುದು ಅತ್ತೆಗೆ ಅರ್ಥವಾಗಲಿಲ್ಲ. ನನಗೆ ಈಗಲೂ ಅರ್ಥವಾಗಿಲ್ಲ. “ಬದಲಾಯಿಸಪ್ಪ,” ಎಂದರು ಕೊನೆಗೆ. “ಅದೇನು ಒಪ್ಪಿದ್ದೆ ಅಂತಾದ್ರೂ ಕೇಳಿಸ್ಕೋತೀನಿ. ಕೇಳದೆ ಸತ್ರೆ ನಂಗೆ ಸಮಾಧಾನ ಇರಲ್ಲ.”

ಇನಾಯತ್ ಉದ್ದನೆಯ ಸಂಖ್ಯೆಯೊಂದನ್ನು ತುಂಬಿದ. ಪರದೆ ಕಪ್ಪಾಯಿತು. ಚಕ್ರ ತಿರುಗಿತು. ಅಂಕಿ ಏರುತ್ತ ಹೋಗಿ ಮೂವತ್ತರಲ್ಲಿ ನಿಂತು, ಯಾರೋ ಹಿಡಿದುಕೊಂಡಂತೆ ಅಲ್ಲೇ ಉಳಿಯಿತು. ಇನಾಯತನನ್ನು ಕೇಳಿದರೆ ಹೀಗೇ ಆಗುತ್ತದೆ ಎಂದ; ಸ್ವಲ್ಪ ಹೊತ್ತಿನ ಮೇಲೆ ಹೀಗೆ ಆಗಬಾರದಿತ್ತು ಎಂದ; ಆಮೇಲೆ ಮಾತಾಡುವುದನ್ನೇ ಬಿಟ್ಟ. ವಾರಿಜ ಉಗುರು ಕಚ್ಚುತ್ತ ಕೂತಳು. ಅವಳ ಮದುವೆಯ ಒಪ್ಪಂದ ಅದರೊಳಗೇ ಇತ್ತು. ನಾನು ಎಲ್ಲರಿಗೂ ಉಪ್ಪಿಟ್ಟು ಮಾಡಿದೆ, ತಿಂದು ಕೈತೊಳೆದು ಬಂದರೆ ಅಂಕಿ ತೊಂಬತ್ತಾಗಿತ್ತು. ಮತ್ತೆ ಆರಿತು, ಹೊತ್ತಿತು, ಮತ್ತೆ ಆರಿತು. ಇನಾಯತ್ ಅಲ್ಲಿ ಇಲ್ಲಿ ಒತ್ತಿ ಏನೇನೋ ಇಳಿಸಿದ. ಆಮೇಲೆ ನಮ್ಮ ಕಣ್ಣೆದುರಿಗೇ ಪರದೆಯ ಮೇಲೆ ‘ಸ್ವಾಗತ’ ಎಂದು ಬಂತು, ಕನ್ನಡದಲ್ಲಿ. ಅತ್ತೆ ಕೈ ಮುಗಿದರು.

ಸುದ್ದಿ ಹೇಗೆ ಹಬ್ಬಿತೋ, ಕೇರಿಯವರೆಲ್ಲ ಕಲ್ಲಿನಾಚೆ ಬಂದು ನಿಂತು ಸಂದಿಗೆ ಕಿವಿಯಿಟ್ಟರು. ಚಿಕ್ಕತಾಯಮ್ಮ ಮಣೆ ತಂದು ಹಾಕಿಕೊಂಡು ಕೂತರು. ಪಂಚಾಕ್ಷರಿ ಉಳಿ ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಿದ್ದ. ಒಳಗೆ ಅತ್ತೆ ಚಾಪೆಯ ಮೇಲೆ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತರು. ವಾರಿಜ ಗಂಟಲು ಸರಿಪಡಿಸಿಕೊಂಡು ಓದತೊಡಗಿದಳು.

“ಪರವಾನಗಿದಾರನು ತಂತ್ರಾಂಶದ ಒಂದು ನಿದರ್ಶನವನ್ನು ಪರವಾನಗಿಗೊಂಡ ಸಾಧನದ ಮೇಲೆ ಅನುಸ್ಥಾಪಿಸಿ ಚಲಾಯಿಸತಕ್ಕದ್ದು.”

“ಅಂದ್ರೆ?” ಎಂದರು ಅತ್ತೆ.

ವಾರಿಜ ಇನಾಯತನನ್ನು ನೋಡಿದಳು. ಇನಾಯತ್ ಸೂರು ನೋಡಿದ. ಹೊರಗಿನಿಂದ ಮೇಷ್ಟರು, “ಕನ್ನಡವೇ ಹೌದು, ಆದರೆ ಯಾವ ಕಡೆಯದೋ ತಿಳಿಯುತ್ತಿಲ್ಲ” ಎಂದರು. ಬಹಳ ಹೊತ್ತು ಜಗ್ಗಾಡಿದ ಮೇಲೆ ಅತ್ತೆಯೇ, “ಒಂದು ಪೆಟ್ಟಿಗೆಗೆ ಒಂದೇ ಸಲ ಹಾಕ್ಕೊಳ್ಳಿ ಅಂತಿದಾರೆ, ಇಷ್ಟೇ ತಾನೆ? ಮುಂದಕ್ಕೆ ಓದು” ಎಂದರು. ಹೊರಗಡೆ ಮೆಚ್ಚುಗೆಯ ಗುಜುಗುಜು ಎದ್ದಿತು. ಹೀಗೆ ಸಾಲು ಸಾಲಿಗೂ ಅಂದ್ರೆ, ಸಾಲು ಸಾಲಿಗೂ ಜಗ್ಗಾಟ. ಅತ್ತೆಯ ಬೆನ್ನು ನೆಟ್ಟಗಾಗುತ್ತ, ಮುಖದ ಮೇಲೆ ಹಳೆಯ ಕಳೆ ಬರುತ್ತ ಹೋಯಿತು. ಎಷ್ಟು ದಿನಗಳ ಮೇಲೆ ಅವರು ಕೇಳುತ್ತಿದ್ದರು! ನನಗೆ ಅದನ್ನು ನೋಡುವುದೇ ಒಂದು ಖುಷಿಯಾಗಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ವಾರಿಜ ಈ ಸಾಲಿಗೆ ಬಂದಳು: “ಈ ನಿಬಂಧನೆಗಳನ್ನು ನಾವು ಯಾವಾಗ ಬೇಕಾದರೂ ಬದಲಾಯಿಸಬಹುದು. ಬದಲಾವಣೆಯ ನಂತರವೂ ನೀವು ಬಳಸುತ್ತಿದ್ದರೆ ಅದನ್ನು ಒಪ್ಪಿದಂತೆಯೇ ಎಂದು ಭಾವಿಸಲಾಗುವುದು.”

ಇದು ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಅತ್ತೆ ಅಂದ್ರೆ ಎನ್ನಲಿಲ್ಲ. ಮೊದಲು ಬಾಯಿಬಿಟ್ಟವನು ಪಂಚಾಕ್ಷರಿ. “ಅದಕ್ಕೇ ಬೆಳೀತಿರೋದು,” ಎಂದ ಸಂದಿನಿಂದ. “ಅವರು ಅಲ್ಲಿ ಏನೋ ಬದಲಾಯಿಸ್ತಾರೆ. ಇಲ್ಲಿ ಅವ್ವ ಒಪ್ಪಿದ ಹಾಗೆ ಆಗುತ್ತೆ. ಕಲ್ಲು ದಪ್ಪ ಆಗುತ್ತೆ. ನಾನು ಬಾಗಿಲು ಕೆತ್ತುತೀನಿ.”

“ಬರ್ದಿರೋದನ್ನ ಎಷ್ಟು ಬೇಕಾದ್ರೂ ಕೇಳ್ತೀನಿ,” ಎಂದರು ಅತ್ತೆ ಮೆಲ್ಲಗೆ. “ಇನ್ನೂ ಬರೀದೇ ಇರೋದನ್ನ ಹೆಂಗೆ ಕೇಳ್ಲಿ?” ಜೀವಮಾನವೆಲ್ಲ ಕೇಳಿದ ಹೆಂಗಸು ಹಾಗೆ ಕೈಚೆಲ್ಲಿದ್ದು ನೋಡಿ ನನಗೆ ಅಳು ಬಂತು.

ಓದು ಮುಗಿಯಿತು. ಕೊನೆಯಲ್ಲಿ ಎರಡು ಚೌಕಗಳು, ‘ಒಪ್ಪುತ್ತೇನೆ’, ‘ನಿರಾಕರಿಸುತ್ತೇನೆ’. ಒಪ್ಪಿದರೆ ಕಲ್ಲು ಬೆಳೆಯುತ್ತಲೇ ಹೋಗಿ ಹುಣ್ಣಿಮೆಗೆ ಮುಂಚೆ ಬಾಗಿಲು ಮುಚ್ಚುವುದು ಖಂಡಿತ. ಒಲ್ಲೆ ಎಂದರೆ ಕಂಪ್ಯೂಟರ್ ಬಾಗಿಲು ಹಾಕಿಕೊಳ್ಳುತ್ತದೆ, ವಾರಿಜಳ ಕೆಲಸವೂ ಹೋಯಿತು, ಮದುವೆಯ ಒಪ್ಪಂದವೂ ಹೋಯಿತು. ಆಗ ಹಳೆಯ ಕಲ್ಲು ಉದುರುತ್ತದೋ ಇಲ್ಲವೋ ಎಂದು ಇನಾಯತನನ್ನು ಕೇಳಿದರೆ, “ಗೊತ್ತಿಲ್ಲ ಅಕ್ಕ, ಒಲ್ಲೆ ಅಂತ ಇಲ್ಲಿ ತನಕ ಯಾರೂ ಒತ್ತಿದ್ದನ್ನ ನಾನು ನೋಡಿಲ್ಲ” ಎಂದ. ಹೊರಗಡೆ ಒಪ್ಪಿ ಎನ್ನುವವರು ಕೆಲವರು, ಬೇಡ ಎನ್ನುವವರು ಕೆಲವರು. ರುದ್ರೇಶ ಎರಡೂ ಕಡೆ ತಲೆಯಾಡಿಸುತ್ತಿದ್ದ.

“ಅಲ್ಲಿ ಕೆಳಗಡೆ ಸಣ್ಣಕ್ಷರದಲ್ಲಿ ಇನ್ನೊಂದಿದೆಯಲ್ಲ,” ಎಂದರು ಅತ್ತೆ ಕಣ್ಣು ಕಿರಿದು ಮಾಡಿ. “ಅದನ್ನ ಯಾಕೆ ಓದ್ಲಿಲ್ಲ?”

ವಾರಿಜ ಬಗ್ಗಿ ನೋಡಿದಳು. “‘ನಂತರ ನೆನಪಿಸಿ’ ಅಂತಿದೆ ಅಮ್ಮ.”

“ಅಂದ್ರೆ?”

“ಅಂದ್ರೆ ಈಗ ಬೇಡ, ಆಮೇಲೆ ಕೇಳಿ ಅಂತ,” ಎಂದ ಇನಾಯತ್. “ಮಷೀನು ನಡೀತಿರುತ್ತೆ, ನಾಳೆ ಮತ್ತೆ ಬಂದು ಕೇಳುತ್ತೆ ಅದು.”

“ಇದು ನೋಡೋಣ ಅನ್ನೋದು!” ಎಂದು ಹೊರಗಿನಿಂದ ಚಿಕ್ಕತಾಯಮ್ಮ ಕೂಗಿದರು. ಅವರು ಎಚ್ಚರವಾಗಿದ್ದದ್ದೇ ನಮಗೆ ಆಶ್ಚರ್ಯ. “ಗುರುಸಿದ್ದಮ್ಮ, ಮರ್ಯಾದಸ್ತರ ಮನೇಲಿ ಅಂಥ ಮಾತು ಬರಬಾರ್ದು!”

ಅತ್ತೆ ಸಂದಿನ ಕಡೆ ತಿರುಗಿದರು. “ಇಲ್ಲ ಕಣೆ ಚಿಕ್ಕತಾಯಿ. ನೋಡೋಣ ಅಂದ್ರೆ ನಾನು ತಪ್ಪಿಸ್ಕೊಂಡ ಹಾಗೆ. ಇದು ಬೇರೆ. ಇಲ್ಲಿ ಕೇಳೋನೇ ನಾಳೆ ಮತ್ತೆ ಬಂದು ಕೇಳ್ತೀನಿ ಅಂತಾನೆ. ಬಂದು ಕೇಳ್ಲಿ. ನಾಳೆ ಏನು ಬರ್ದಿರ್ತಾನೋ ಅದನ್ನ ನಾಳೆ ಕೇಳ್ತೀನಿ.” ಈ ಸಲ ಸೌಟು ಬೇಡ ಎಂದು, ಬೆರಳನ್ನು ಸೆರಗಿಗೆ ಒರೆಸಿಕೊಂಡು, ವಾರಿಜ ಬಾಣದ ಗುರುತನ್ನು ಸಣ್ಣಕ್ಷರದ ಮೇಲೆ ತಂದಿಟ್ಟಾಗ ತಾವೇ ಒತ್ತಿದರು.

ಆ ರಾತ್ರಿ ಯಾರಿಗೂ ಸರಿಯಾಗಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನೀರು ಹಾಕಲು ನಾನು ಮೊದಲು ಎದ್ದು ಬಂದೆ. ಕಲ್ಲು ಉದುರಿರಲಿಲ್ಲ. ಹೊಸ ಕಲ್ಲೂ ಬಂದಿರಲಿಲ್ಲ. ಹಳೆಯದೇ ಇತ್ತು, ಆದರೆ ನೆಲದ ಮೇಲಲ್ಲ. ನೆಲಕ್ಕೆ ಗೇಣೆತ್ತರದಲ್ಲಿ, ಬರಲೋ ಹೋಗಲೋ ತಿಳಿಯದವರಂತೆ ಸುಮ್ಮನೆ ತೇಲುತ್ತಿತ್ತು. ಕೆಳಗಡೆಯಿಂದ ಬೆಕ್ಕು ಈಚೆ ಬಂದು ಮೈ ಮುರಿಯಿತು. ನಾನು ಹೆದರಿಕೊಂಡೇ ಮೊಣಕೈಯಿಂದ ಒಂಚೂರು ನೂಕಿದೆ; ತೊಟ್ಟಿಲಿನಷ್ಟು ಹಗುರವಾಗಿ ಪಕ್ಕಕ್ಕೆ ಸರಿದು ನಿಂತಿತು.

“ಅತ್ತೇ!” ಎಂದು ಕಿರುಚಿದೆ. ರುದ್ರೇಶ ಹಲ್ಲುಜ್ಜುತ್ತಲೇ ಓಡಿ ಬಂದ. ಅತ್ತೆ ಗೋಡೆ ಹಿಡಿದುಕೊಂಡು ಹೊಸ್ತಿಲಿಗೆ ಬಂದು, ಬೀದಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದರು. “ಈ ಚಿಕ್ಕತಾಯಿ ಮನೆ ಗೋಡೆಗೆ ಇಂಥ ಬಣ್ಣ ಯಾರು ಹೊಡೆಸಿದ್ದು?” ಎಂದರು. ಆಮೇಲೆ ಕೆಳಗಿಳಿದು, ಎದುರುಮನೆಯ ತನಕ ನಡೆದು ಹೋಗಿ, ಬಂದರು. ಸಂಜೆ ಕಂಪ್ಯೂಟರ್ ಮತ್ತೆ ಕೇಳಿತು. ಕೇಳಿದ ಕೂಡಲೇ ಹೊರಗೆ ಧಡ್ ಎಂದು ಕಲ್ಲು ನೆಲಕ್ಕೆ ಕೂತ ಸದ್ದು. ಅತ್ತೆ ಹೊಸ ಸಾಲೇನಾದರೂ ಇದೆಯೇ ಎಂದು ಓದಿಸಿ, ಕೇಳಿ, ಮತ್ತೆ ‘ನಂತರ’ ಒತ್ತಿದರು. ಕಲ್ಲು ಎದ್ದು ನಿಂತಿತು. ಅಂದಿನಿಂದ ಇದು ದೀಪ ಹಚ್ಚುವ ಹಾಗೆ ನಮ್ಮ ಮನೆಯ ಸಂಜೆಯ ಕೆಲಸಗಳಲ್ಲಿ ಒಂದಾಯಿತು.

ಹುಣ್ಣಿಮೆಯ ದಿನ ಅತ್ತೆ ಕಟ್ಟೆಯ ಮೇಲೆ ತಮ್ಮ ಜಾಗದಲ್ಲಿ ಹೋಗಿ ಕೂತಾಗ ಊರಿನವರು ಎದ್ದು ನಿಂತರು. ಒಪ್ಪಂದವನ್ನು ವಾರಿಜಳೇ ಟೈಪು ಮಾಡಿದ್ದಳು, ಮೇಷ್ಟರು ಓದಿದರು. ಅನ್ನ ಬಟ್ಟೆ, ಹಬ್ಬ ಹರಿದಿನ, ಅವಳ ಟೈಪಿನ ಕೆಲಸ, ಅವನು ಕುಡಿಯದಿರುವುದು, ಎಲ್ಲವೂ ಇತ್ತು. ಅತ್ತೆ ಸಾಲು ಸಾಲನ್ನೂ ತಿರುಗಿಸಿ ಹೇಳಿದರು. ಎಲ್ಲ ಮುಗಿದ ಮೇಲೆ, “ಮುಂದೆ ಬದಲಾಗೋದಕ್ಕೆ ಏನಂತ ಬರ್ದಿದೀರಿ?” ಎಂದು ಕೇಳಿದರು.

ಪಂಚಾಕ್ಷರಿ ತಬ್ಬಿಬ್ಬಾದ. “ಅಂದ್ರೆ ಅವ್ವ?”

“ಇವತ್ತಿನ ನೀನು ನಾಳೆ ಇರಲ್ಲ. ಇವಳೂ ಇರಲ್ಲ. ಕೈ ನಡುಗಬೋದು, ಸಿಟ್ಟು ಬರಬೋದು, ಸುಮ್ಮನೆ ಬೇಜಾರೂ ಆಗಬೋದು. ಬರೀದೇ ಇರೋ ಅದಕ್ಕೆಲ್ಲ ಇವಳು ಈಗ್ಲೇ ಒಪ್ಪಿದಂತೆ ಅಂತ ಭಾವಿಸ್ತೀಯಾ?” ಅತ್ತೆ ಕಟ್ಟೆಯ ಮೇಲೆ ಅಂಗೈ ಊರಿದರು. “ನನ್ನ ಮದ್ವೇಲಿ ಇದನ್ನ ಯಾರೂ ಓದ್ಲಿಲ್ಲ ಕಣಪ್ಪ. ಈ ಕಟ್ಟೆ ಮೇಲೆ ನಾನು ಕೇಳಿದ ಯಾವ ಮದ್ವೇಲೂ ಓದ್ಲಿಲ್ಲ. ನಾನೂ ಕೇಳ್ಲಿಲ್ಲ.”

ಪಂಚಾಕ್ಷರಿ ಮಾತಿನ ಮನುಷ್ಯನಲ್ಲ. “ನಂಗೆ ಗೊತ್ತಿರೋದು ಬಾಗಿಲು ಒಂದೇ,” ಎಂದ. “ಒಂದು ಸಲ ಅಳತೆ ತಗೊಂಡ್ರೆ ಆಗಲ್ಲ. ಮತ್ತೆ ಹೋಗಿ ನೋಡ್ಬೇಕು. ನಾನು ಮತ್ತೆ ಮತ್ತೆ ಕೇಳ್ತೀನಿ ಅವ್ವ.”

ಮೇಷ್ಟರು ವಾರಿಜಳ ಕಡೆ ತಿರುಗಿ, “ಒಪ್ಪಿದೆಯೇನಮ್ಮ?” ಎಂದರು. ಅವಳು ತಾಯಿಯನ್ನು ನೋಡಿದಳು, ಅವನನ್ನು ನೋಡಿದಳು. ಮುಖ ಕೆಂಪಾಗಿತ್ತು.

“ನಾಳೆ ಕೇಳಿ,” ಎಂದಳು.

ಕಟ್ಟೆಯ ಮೇಲೆ ಗದ್ದಲವೋ ಗದ್ದಲ. ಮದುವೆ ಮುರಿಯಿತೆಂದು ಅರ್ಧ ಜನ, ಆಯಿತೆಂದು ಅರ್ಧ ಜನ. ಊಟ ಬಡಿಸಬೇಕೋ ಬೇಡವೋ ಎಂದು ಅಡಿಗೆಯವರು ಬಂದು ನನ್ನನ್ನು ಕೇಳಿದರು. ನನಗೇನು ಗೊತ್ತು, ಬಡಿಸಿ ಎಂದೆ. ಪಂಚಾಕ್ಷರಿಯೊಬ್ಬನೇ ನಗುತ್ತಿದ್ದ. ಮಾರನೆಯ ಸಂಜೆ ನಮ್ಮ ಬಾಗಿಲಿಗೆ ಬಂದು ಕೇಳಿದ, ಅವಳು ಮತ್ತೆ ಅದನ್ನೇ ಹೇಳಿದಳು. ಹೀಗೆ ಕೇಳುತ್ತ ಕೇಳುತ್ತಲೇ ಅವರು ಅವನ ಮನೆಯಲ್ಲಿ ಸಂಸಾರ ಹೂಡಿದರು. ಈಗಲೂ ಅವನು ಕೆಲಸದಿಂದ ಬಂದು, ಉಳಿ ಕೆಳಗಿಟ್ಟು, ಹೊಸ್ತಿಲಾಚೆ ನಿಂತು ಕೇಳುತ್ತಾನೆ. ಅವಳು ನಾಳೆ ಎನ್ನುತ್ತಾಳೆ. ಕೆಲವು ದಿನ ಯೋಚಿಸಿಕೊಂಡು ಹೇಳುತ್ತಾಳೆ, ಆಗ ಅವನ ಎದೆ ಹೊಡೆದುಕೊಳ್ಳುವುದು ಬೀದಿಗೇ ಕೇಳಿಸುತ್ತದೆ. ಅವರ ಮದುವೆಯ ಕಲ್ಲು ಇಂದಿಗೂ ನೆಲ ಮುಟ್ಟಿಲ್ಲ, ಬಾಗಿಲ ಪಕ್ಕದಲ್ಲಿ ತೇಲಿಕೊಂಡೇ ಇದೆ. ಅದು ಮದುವೆಯೇ ಅಲ್ಲ ಎಂದು ಚಿಕ್ಕತಾಯಮ್ಮ ಹೇಳುತ್ತಾರೆ.

ಇನ್ನು ನನ್ನದು. ರುದ್ರೇಶ ಒಳ್ಳೆಯವನು, ಆದರೆ ಅವನ ಜೊತೆ ಮಾತಾಡುವುದೂ ಒಂದೇ, ಗೋಡೆಯ ಮೇಲಿನ ಕ್ಯಾಲೆಂಡರಿನ ಜೊತೆ ಮಾತಾಡುವುದೂ ಒಂದೇ. ಮೊನ್ನೆ ಒಂದು ಸಂಜೆ ಅವನು ಮನೆಗೆ ಬಂದವನು ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತಿದ್ದ. ಏನೋ ಮರೆತು ಬಂದಿರಬೇಕು ಎಂದುಕೊಂಡೆ.

“ಸುವರ್ಣ,” ಎಂದ, ನನ್ನನ್ನು ನೋಡದೆ ಚೌಕಟ್ಟು ನೋಡುತ್ತ. “ನಿಂಗೆ ಒಪ್ಪಿಗೇನಾ?”

“ಏನಕ್ಕೆ ರೀ?”

“ಹಿಂಗೇ... ಎಲ್ಲದಕ್ಕೂ.”

ನನಗೆ ತಲೆಬುಡ ತಿಳಿಯಲಿಲ್ಲ. ಎಂದೋ ಒಂದು ದಿನ ಕಟ್ಟೆಯ ಮೇಲೆ ಮೇಷ್ಟರು ಕೇಳಿದ್ದು ಬಿಟ್ಟರೆ ನನ್ನನ್ನು ಯಾರೂ ಏನನ್ನೂ ಕೇಳಿರಲಿಲ್ಲ. ನಗುವುದೋ ಅಳುವುದೋ ಗೊತ್ತಾಗದೆ, “ಸಾರು ಒಲೆ ಮೇಲಿದೆ, ನಾಳೆ ಕೇಳ್ರಿ” ಎಂದು ಒಳಗೆ ಓಡಿಬಂದೆ. ಅಡಿಗೆಮನೆಯಲ್ಲಿ ಅತ್ತೆ ತರಕಾರಿ ಹೆಚ್ಚುತ್ತ ಕೂತಿದ್ದರು. ಕೇಳಿಸಿಕೊಂಡಿದ್ದರು, ಅವರ ಕಿವಿಗೆ ಬೀಳದ್ದು ಯಾವುದಿದೆ! ಇನ್ನೊಂದು ಬದನೆಕಾಯಿ ತೆಗೆದುಕೊಂಡರು.

ಬೆಳಿಗ್ಗೆ ಹಪ್ಪಳ ಹರವಲು ಹೋದಾಗ ನೋಡಿದೆ. ನಮ್ಮ ಚಪ್ಪಟೆ ಕಲ್ಲು ನೆಲ ಬಿಟ್ಟು ಎದ್ದಿತ್ತು, ಕೈ ತೂರಿಸುವಷ್ಟು. ಕೆಳಗಡೆ ನನ್ನ ಮದುವೆಯಿಂದ ಈಚೆಗೆ ಬಿಸಿಲು ಕಾಣದ ಮಣ್ಣು ಕಪ್ಪಗೆ, ಹಸಿಯಾಗಿತ್ತು. ಆ ದಿನ ನಾನು ಹಪ್ಪಳವನ್ನು ಅದರ ಮೇಲೇ ಹಾಕಿದೆ, ಒಂದೂ ಬೀಳಲಿಲ್ಲ. ಸಂಜೆ ಎಂದಿಗಿಂತ ಬೇಗ ಸಾರು ಇಳಿಸಿ, ಮುಖ ತೊಳೆದುಕೊಂಡು, ಅವನು ಬರುವ ಹೊತ್ತಿಗೆ ಬಾಗಿಲ ಹತ್ತಿರ ಹೋಗಿ ನಿಂತೆ.